ದಾರದ ಆ ತುದಿಯಲ್ಲಿದ್ದವರು

ಇಟ್ಟಿಗೆ ಗೋಡೆ ಕಟ್ಟುವಾಗ ಮೊದಲು ಎರಡು ಮೂಲೆಗಳನ್ನು ಎಬ್ಬಿಸಬೇಕು. ಆ ಮೂಲೆಯಿಂದ ಈ ಮೂಲೆಗೆ ಬಿಗಿಯಾಗಿ ದಾರ ಕಟ್ಟಿ, ಒಬ್ಬ ಆ ತುದಿಯಿಂದ, ಇನ್ನೊಬ್ಬ ಈ ತುದಿಯಿಂದ ಇಟ್ಟಿಗೆ ಇಡುತ್ತಾ ಬಂದು ನಡುವೆ ಕೂಡಿಕೊಳ್ಳಬೇಕು. ಮಂಡ್ಯದ ಕಡೆಯೂ ಹೀಗೇ, ಜಾರ್ಜಿಯಾದಲ್ಲೂ ಹೀಗೇ. ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೆ ಧೈರ್ಯ ಕೊಟ್ಟದ್ದು ಇದೊಂದೇ ಸಂಗತಿ. ಭಾಷೆ ಬೇರೆ, ಊಟ ಬೇರೆ, ದಾರ ಮಾತ್ರ ಅದೇ.

ಅಟ್ಲಾಂಟಾದಲ್ಲಿ ಡಾಕ್ಟರಾಗಿದ್ದ ಭಾವನೂ ಅಕ್ಕನೂ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ನನ್ನನ್ನು ಕರೆಸಿಕೊಂಡಾಗ ನನಗೆ ಐವತ್ತು ದಾಟಿತ್ತು. ಓದಿದ್ದು ಏಳನೇ ಕ್ಲಾಸು. ಭಾವನ ಮನೆಗೆ ಬರುತ್ತಿದ್ದವರೆಲ್ಲ ಡಾಕ್ಟರು, ಸಾಫ್ಟ್‌ವೇರಿನವರು. "ಯಾವುದಾದ್ರೂ ಅಂಗಡಿಯಲ್ಲಿ ಕೂತ್ಕೋ, ಯಾಕೆ ಈ ವಯಸ್ಸಲ್ಲಿ ಇಟ್ಟಿಗೆ ಹೊರ್ತೀಯ" ಎಂದರು ಭಾವ. ನಾನು ಕೇಳಲಿಲ್ಲ. ಮೂವತ್ತು ವರ್ಷ ಗಾರೆ ಕೆಲಸದ ಕರಣೆ ಹಿಡಿದ ಕೈ ಇದು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಕಟ್ಟಿದ ಗೋಡೆ ಸೊಟ್ಟವಿದೆಯೇ ಎಂದು ರಸಮಟ್ಟ ಇಟ್ಟು ನೋಡಿದ ಮೇಸ್ತ್ರಿ ಯಾವತ್ತೂ ಎರಡನೇ ಸಲ ಇಟ್ಟು ನೋಡಲಿಲ್ಲ.

ಆರು ವರ್ಷ ನನ್ನ ದಾರದ ಆ ತುದಿಯಲ್ಲಿ ಒಬ್ಬರೇ ಇದ್ದರು. ಸೌತ್ ಕ್ಯಾರೊಲಿನಾದಲ್ಲಿ ಹುಟ್ಟಿ ಬೆಳೆದ ಕಪ್ಪು ಮನುಷ್ಯ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾವು ಮಾತಾಡುತ್ತಿದ್ದದ್ದು ನನ್ನ ಹರಕು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ನನ್ನ ಭಾಷೆಗೆ ತಂದು ಬರೆಯುತ್ತಿದ್ದೇನೆ.

ಮೊದಲ ದಿನವೇ ಒಂದು ಎಡವಟ್ಟು ಮಾಡಿದ್ದೆ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದುಂಟೇ? ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿನಲ್ಲಿರುವ ನಮ್ಮವರ ದಿನಸಿ ಅಂಗಡಿಯಲ್ಲಿ ತಲೆ ನರೆತವರೆಲ್ಲ ಅಂಕಲ್ಲೇ. ಅದೇ ಅಭ್ಯಾಸದಲ್ಲಿ, "ಅಂಕಲ್, ದಾರ ಸ್ವಲ್ಪ ಎಳೀರಿ" ಎಂದೆ. ಅವರು ಕರಣೆ ಕೆಳಗಿಟ್ಟರು.

"ಏನಂದೆ?"

"ಅಂಕಲ್ ಅಂದೆ."

"ನಾನು ನಿನ್ನ ಅಂಕಲ್ ಅಲ್ಲ. ಇನ್ನೊಂದು ಸಲ ಆ ಮಾತು ಆಡಬೇಡ."

ಎಷ್ಟು ಗರ್ವ ಈ ಮುದುಕನಿಗೆ ಅಂದುಕೊಂಡೆ. ಊಟದ ಹೊತ್ತಿಗೆ ಅವರೇ ಬಂದು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಅವರ ಅಪ್ಪನ ಕಾಲದಲ್ಲಿ ಬಿಳಿಯರು ಕಪ್ಪು ಗಂಡಸನ್ನು ಎಷ್ಟೇ ವಯಸ್ಸಾದರೂ ಮರ್ಯಾದೆ ಕೊಟ್ಟು ಕರೆಯುತ್ತಿರಲಿಲ್ಲವಂತೆ. ಕೂದಲು ಕಪ್ಪಿರುವ ತನಕ 'ಹುಡುಗಾ', ಬೆಳ್ಳಗಾದ ಮೇಲೆ 'ಅಂಕಲ್'. ಅವರಪ್ಪನಿಗೆ ಒಳ್ಳೆಯ ಹೆಸರೊಂದಿತ್ತು, ಅದು ಪೇಟೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ನಾನು ಎರಡೂ ಕಿವಿ ಹಿಡಿದುಕೊಂಡೆ. ನಮ್ಮ ಕಡೆ ಅದು ಮರ್ಯಾದೆಯ ಮಾತು ಎಂದು ಕೈಬಾಯಿ ಎರಡರಲ್ಲೂ ಹೇಳಿದೆ. ನನ್ನ ಕಿವಿ ಹಿಡಿದ ಭಂಗಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಸರಿ, ನೀನೊಬ್ಬ ಕರೆದುಕೋ. ಬೇರೆಯವನು ಕರೆದರೆ ಈ ಕರಣೆ ಅವನ ನೆತ್ತಿ ಮೇಲೆ."

ಅಲ್ಲಿಂದ ಆರು ವರ್ಷ ಅವರು ನನಗೆ ಅಂಕಲ್. ನಾನು ಅವರಿಗೆ 'ಯಂಗ್ ಮ್ಯಾನ್'. ಇಟ್ಟಿಗೆ ಸಾಲಿನ ಒಂದೊಂದು ವರಸೆ ಮುಗಿಯುವಾಗಲೂ ನಡುವಿನ ಕಡೇ ಇಟ್ಟಿಗೆಯನ್ನು ಯಾರು ಮೊದಲು ತಲುಪುತ್ತಾರೋ ಅವರು ಇಡಬಾರದು, ಹಿಂದೆ ಬಿದ್ದವರಿಗೆ ಬಿಡಬೇಕು. ಇಟ್ಟ ಮೇಲೆ ಅವರ ಕರಣೆಗೆ ನನ್ನ ಕರಣೆ ಟಣ್ ಎಂದು ತಗುಲಿಸಬೇಕು. ಈ ಪದ್ಧತಿ ಯಾರು ಶುರು ಮಾಡಿದರೋ ಜ್ಞಾಪಕವಿಲ್ಲ. ಕೊರೋನಾದ ವರ್ಷ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ನಾವಿಬ್ಬರು ಬಯಲಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಇಪ್ಪತ್ತು ಅಡಿ ದೂರದಲ್ಲಿ ನಿಂತು ಗೋಡೆ ಕಟ್ಟಿದೆವು. ಆ ಇಡೀ ವರ್ಷ ನನ್ನ ಕಿವಿಗೆ ಬಿದ್ದ ಸಂತೋಷದ ಸದ್ದು ಎಂದರೆ ನಡುವೆ ಕೂಡಿದಾಗಿನ ಆ ಟಣ್ ಒಂದೇ.

ಎರಡು ವರ್ಷ ಕಳೆದು ನಾನು ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿದೆ. ಇಂಟರ್‌ವ್ಯೂನಲ್ಲಿ ದೇಶದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ನೂರು ಪ್ರಶ್ನೆಗಳ ಒಂದು ಪುಸ್ತಕವಿದೆ, ಅದರಲ್ಲಿ ಹತ್ತು ಕೇಳಿದರೆ ಆರಕ್ಕೆ ಸರಿಯಾಗಿ ಹೇಳಬೇಕು. ಏಳನೇ ಕ್ಲಾಸಿನ ಮೇಲೆ ನಾನು ಬಾಯಿಪಾಠ ಮಾಡಿದ್ದು ಅದೇ ಮೊದಲು. ಊಟದ ಅರ್ಧ ಗಂಟೆಯಲ್ಲಿ ಅಂಕಲ್ ಪುಸ್ತಕ ಹಿಡಿದು ಮೇಷ್ಟ್ರಾಗುತ್ತಿದ್ದರು. ತಪ್ಪಿದರೆ ನನ್ನ ಡಬ್ಬಿಯಿಂದ ಒಂದು ಚಿತ್ರಾನ್ನದ ತುತ್ತು ಅವರಿಗೆ. ಕಡಲೆಬೀಜದ ಆಸೆಗೆ ಕಷ್ಟದ್ದನ್ನೇ ಹುಡುಕಿ ಕೇಳುತ್ತಿದ್ದರು.

ಅದರಲ್ಲಿ ಒಂದು ಪ್ರಶ್ನೆ: ಈ ದೇಶದ ಅಂತರ್ಯುದ್ಧಕ್ಕೆ ಕಾರಣವಾದ ಒಂದು ಸಮಸ್ಯೆ ಹೇಳು. ಉತ್ತರ ಮೂರಿವೆ. ಗುಲಾಮಗಿರಿ, ಹಣಕಾಸಿನ ಕಾರಣ, ರಾಜ್ಯಗಳ ಹಕ್ಕು. ಯಾವುದು ಹೇಳಿದರೂ ಸರಿ. ಭಾನುವಾರ ನಾರ್‌ಕ್ರಾಸಿನಲ್ಲಿ ದೋಸೆ ತಿನ್ನುತ್ತಾ ಭಾವನನ್ನು ಕೇಳಿದೆ.

"ಸ್ಲೇವರಿ ಗೀವರಿ ಅಂತ ಬಾಯಿ ಬಿಡ್ಬೇಡಪ್ಪಾ" ಎಂದರು ಭಾವ. "ಆಫೀಸರ್ ಬಿಳಿಯನೋ ಕರಿಯನೋ ಯಾರಿಗ್ಗೊತ್ತು? ನಾವು ಹೊರಗಿನೋರು, ಅವರ ಮನೆ ಜಗಳ ನಮಗ್ಯಾಕೆ? ಸ್ಟೇಟ್ಸ್ ರೈಟ್ಸ್ ಅಂದ್ಬಿಡು. ಡೀಸೆಂಟಾಗಿರುತ್ತೆ."

ನನಗೂ ಅದೇ ಹಿಡಿಸಿತು. ರಾಜ್ಯದ ಹಕ್ಕು ಎಂದರೇನು ಎಂದು ಮಂಡ್ಯದವನಿಗೆ ಯಾರಾದರೂ ಬಿಡಿಸಿ ಹೇಳಬೇಕೆ? ಕಾವೇರಿಗಾಗಿ ಮೈಸೂರು ರಸ್ತೆಯಲ್ಲಿ ಅಡ್ಡ ಮಲಗಿದವನು ನಾನು. ಹಾಗಿದ್ದ ಮೇಲೆ ಉತ್ತರದವರ ಮೇಲೆ ಯುದ್ಧಕ್ಕೆ ನಿಂತ ಈ ತೆಂಕಣ ರಾಜ್ಯದವರ ಕಷ್ಟವೂ ಅಂಥದ್ದೇ ಇರಬೇಕು ಅಂದುಕೊಂಡು, ಆ ಎರಡು ಮಾತನ್ನು ಗಟ್ಟಿ ಮಾಡಿದೆ.

ಆ ವಾರ ನಮಗೆ ಸೌತ್ ಕ್ಯಾರೊಲಿನಾದಲ್ಲಿ ಕೆಲಸ. ಹಳೇ ತೋಟದ ಮನೆಯೊಂದರ ಕಾಂಪೌಂಡು ಕುಸಿದಿತ್ತು. ಮಧ್ಯಾಹ್ನ ಟ್ರಕ್ಕಿನ ಹಿಂದೆ ಕೂತಿದ್ದೆವು. ಅಂಕಲ್ ಆ ಪ್ರಶ್ನೆ ಕೇಳಿದರು.

"ಸ್ಟೇಟ್ಸ್ ರೈಟ್ಸ್" ಎಂದೆ, ತಟ್ಟನೆ.

"ಏನು ಮಾಡುವ ಹಕ್ಕು?"

"ಪುಸ್ತಕದಲ್ಲಿ ಅಷ್ಟೇ ಇದೆ."

"ಪುಸ್ತಕ ಬಿಡು. ನಾನು ಕೇಳ್ತಿದ್ದೀನಿ."

ನಾನು ಕಾವೇರಿಯ ಕಥೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಪಕ್ಕದಲ್ಲಿದ್ದ ರಸಮಟ್ಟವನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. ಈ ಕಡೆ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳು, ಆ ಕಡೆ ಇಲ್ಲದವು ಎಂದು ಅದರ ಎರಡು ತುದಿ ತೋರಿಸಿದರು. ಸೆನೆಟ್ಟಿನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಚಿಕ್ಕದಿರಲಿ ದೊಡ್ಡದಿರಲಿ ರಾಜ್ಯಕ್ಕೆ ಇಬ್ಬರು. ಪಶ್ಚಿಮಕ್ಕೆ ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಈ ಕಡೆ ಒಂದು ಇಟ್ಟರೆ ಆ ಕಡೆಯೂ ಒಂದು. ರಸಮಟ್ಟದ ಗುಳ್ಳೆ ನಡುವೆ ನಿಂತಿರಬೇಕು. ಅದನ್ನು ನಿಲ್ಲಿಸುವುದೇ ನಲವತ್ತು ವರ್ಷದ ರಾಜಕೀಯವಾಗಿತ್ತು ಎಂದರು. ಗುಲಾಮನಿಗೆ ಓಟಿಲ್ಲ. ಆದರೆ ಕೆಳಮನೆಯ ಸೀಟು ಲೆಕ್ಕ ಹಾಕುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿ ಒಡೆಯರ ಕಡೆಗೆ ಹೆಚ್ಚಿನ ಸೀಟು. "ನನ್ನ ತಾತನ ಅಪ್ಪ ಆ ಎಣಿಕೆಯಲ್ಲಿದ್ದ. ಹೆಚ್ಚುಕಮ್ಮಿ ಅರ್ಧ ಮನುಷ್ಯ."

"ಇನ್ನು ನಿನ್ನ ಹಕ್ಕಿನ ಮಾತು ಕೇಳು" ಎಂದರು. "ಓಡಿಹೋದ ಗುಲಾಮನನ್ನು ಉತ್ತರದ ರಾಜ್ಯಗಳು ಹಿಡಿದು ವಾಪಸ್ ಕಳಿಸಬೇಕು ಅಂತ ದಕ್ಷಿಣದವರು ವಾಷಿಂಗ್ಟನ್ನಿನಲ್ಲಿ ಕಾನೂನು ಮಾಡಿಸಿದರು. ಉತ್ತರದ ಕೆಲವು ರಾಜ್ಯಗಳು 'ಇದು ನಮ್ಮ ರಾಜ್ಯ, ನಾವು ಹಿಡಿಯಲ್ಲ' ಅಂದವು. ಆಗ ನಮ್ಮ ಈ ಸೌತ್ ಕ್ಯಾರೊಲಿನಾದವರು ಏನಂದರು ಗೊತ್ತಾ? ರಾಜ್ಯಕ್ಕೆ ಆ ಹಕ್ಕೆಲ್ಲಿಂದ ಬಂತು ಅಂದರು. ಗುಲಾಮಗಿರಿ ಪಶ್ಚಿಮಕ್ಕೆ ಇನ್ನು ಹಬ್ಬಬಾರದು ಅಂದವನು ಪ್ರೆಸಿಡೆಂಟ್ ಆಗಿ ಗೆದ್ದ. ಅವನು ಕುರ್ಚಿ ಮೇಲೆ ಕೂರೋಕ್ಕೆ ಮುಂಚೆನೇ ಏಳು ರಾಜ್ಯ ದೇಶ ಬಿಟ್ಟು ಎದ್ದು ಹೋದವು. ಈಗ ಹೇಳು, ಏನು ಮಾಡುವ ಹಕ್ಕು?"

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ತಪ್ಪೆಂದು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲ. ಏಳನೇ ಕ್ಲಾಸಿನವನು ಎಂದು ಮೂದಲಿಸಿದ ಹಾಗಾಯಿತು. ಮೇಲಿನಿಂದ ಬಂದ ಕಾನೂನಿನಿಂದ ಮನೆಗಳು ಹೇಗೆ ಹಾಳಾಗುತ್ತವೆ ಅನ್ನುವುದು ನನಗೂ ಗೊತ್ತು ಎಂದೆ. ಗೊತ್ತೆಂದು ತೋರಿಸಲು ನಮ್ಮ ಮನೆಯ ಕಥೆಯನ್ನೇ ಹೇಳಿದೆ.

ಆ ಕಥೆಯನ್ನು ನಾನು ಬದುಕೆಲ್ಲ ಹೇಳಿಕೊಂಡು ಬಂದಿದ್ದೆ. ನಮ್ಮ ಮನೆಯಲ್ಲಿ ಒಬ್ಬ ಜೀತದಾಳು ಇದ್ದ. ಊರಾಚೆಯ ಕೇರಿಯವನು. ಅವನ ಅಪ್ಪ ಯಾವುದೋ ಮದುವೆಗೆ ಮಾಡಿದ ಸಾಲಕ್ಕೆ ಇವನು ಚಿಕ್ಕವನಿದ್ದಾಗಲೇ ಬಂದು ಸೇರಿಕೊಂಡಿದ್ದ. ದನ, ಗದ್ದೆ, ಕಬ್ಬು, ಆಲೆಮನೆ ಎಲ್ಲ ಅವನದೇ ಕೆಲಸ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಜೀತ ರದ್ದಾಯಿತು. ತಹಸೀಲ್ದಾರರು ಜೀಪಿನಲ್ಲಿ ಬಂದು ಅವನನ್ನು ಬಿಡಿಸಿದರು. ಊರು ಎರಡಾಯಿತು. "ನಮ್ಮನೆ ಆಳಿನ ವಿಷ್ಯಕ್ಕೆ ಡೆಲ್ಲಿಯೋರು ಯಾರ್ಲಾ?" ಎಂದು ಅಪ್ಪ ಜಗಲಿಯಲ್ಲಿ ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮಾರನೆಯ ದಿನ ದನ ಬಿಡುವವರಿಲ್ಲ. ಅಪ್ಪ ನನ್ನ ಕೈಯಿಂದ ಸ್ಲೇಟು ಕಿತ್ತುಕೊಂಡು ಕೋಲು ಕೊಟ್ಟರು. ನನ್ನ ಓದು ಅಲ್ಲಿಗೆ ಮುಗಿಯಿತು, ಕೋಲು ಹೋಗಿ ಮುಂದೆ ಕರಣೆ ಬಂತು.

"ಆ ಕಾನೂನು ಬರದಿದ್ದರೆ ನಾನೂ ನನ್ನ ಭಾವನ ಹಾಗೆ ಡಾಕ್ಟರಾಗ್ತಿದ್ದೆನೋ ಏನೋ" ಎಂದೆ. "ಆ ಆಳೇನು ಕಷ್ಟಪಡ್ತಿರಲಿಲ್ಲ ಅಂಕಲ್. ಮನೆ ಮಗನ ಹಾಗೇ ಇದ್ದ."

ಅಂಕಲ್ ರಸಮಟ್ಟವನ್ನು ನಿಧಾನವಾಗಿ ನೆಲದ ಮೇಲಿಟ್ಟರು.

"ಎಲ್ಲಿ ಊಟ ಮಾಡ್ತಿದ್ದ?"

"ಕೊಟ್ಟಿಗೆ ಮುಂದೆ."

"ಅವನ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ 'ಆಳು' ಎನ್ನುತ್ತಿದ್ದರು, ಅಪ್ಪ 'ಬಾರ್ಲಾ' ಎನ್ನುತ್ತಿದ್ದರು. ಅವನು ಬರುತ್ತಿದ್ದ.

"ಮರೆತುಹೋಗಿದೆ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಸಂಜೆಗೆ ಸರಿಹೋಗುತ್ತಿದ್ದೆವೇನೋ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಎದ್ದು ತಮ್ಮ ಮೂಲೆಗೆ ಹೋದರು. ಮಧ್ಯಾಹ್ನವೆಲ್ಲ ಗೋಡೆ ಎದ್ದಿತು. ನಡುವಿಗೆ ನಾನು ಮೊದಲು ಬಂದು, ಕಡೇ ಇಟ್ಟಿಗೆಯನ್ನು ಅವರಿಗೆ ಬಿಟ್ಟು, ಕರಣೆ ಎತ್ತಿ ಹಿಡಿದು ನಿಂತೆ. ಅವರು ಇಟ್ಟಿಗೆ ಇಟ್ಟರು, ಗಾರೆ ಒರೆಸಿದರು, ತಮ್ಮ ತುದಿಗೆ ವಾಪಸ್ ನಡೆದರು. ಮುಂದಿನ ವರಸೆಗೂ ಹಾಗೆಯೇ. ಆ ಗೋಡೆ ಮುಗಿಯುವ ತನಕ ನಾಲ್ಕು ದಿನ ಹಾಗೆಯೇ. ಮುಂದಿನ ಕೆಲಸಕ್ಕೆ ಅವರು ಬರಲಿಲ್ಲ. ಮೊಣಕಾಲು ನೋವು, ಸಾಕು, ಊರಿಗೆ ಹೋಗುತ್ತೇನೆ ಎಂದು ಮೇಸ್ತ್ರಿಗೆ ಹೇಳಿದರಂತೆ. ನನಗೆ ಹೇಳಲಿಲ್ಲ.

ಆಗಲೂ ನನ್ನ ಗರ್ವ ಇಳಿದಿರಲಿಲ್ಲ. ಮುದುಕ ಸಣ್ಣದನ್ನು ದೊಡ್ಡದು ಮಾಡಿದ ಎಂದೇ ಮನಸ್ಸಿನಲ್ಲಿತ್ತು. ನನ್ನ ಜೊತೆ ಬಂದು ಇಲ್ಲೇ ಕಾಲೇಜು ಓದಿದ ಮಗಳು ಮೇರಿಲ್ಯಾಂಡಿನಲ್ಲಿ ಕೆಲಸದಲ್ಲಿದ್ದಾಳೆ. ಆ ದೀಪಾವಳಿಗೆ ಅವಳ ಮನೆಗೆ ಹೋಗಿ, ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗಿ ಬರುವಾಗ ಕಾರಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ನನ್ನ ಪರವಾಗಿ ಮಾತಾಡುತ್ತಾಳೆ ಎಂದು ಆಸೆಯಿತ್ತು.

"ಅವ್ರು ಕೇಳಿದ್ದು ಸಿಂಪಲ್ ಕ್ವೆಶ್ಚನ್ ಅಪ್ಪಾ. ಹೆಸ್ರು."

"ನಂಗಾಗ ಹದಿಮೂರು ವರ್ಷ ಕಣಮ್ಮ. ಎಲ್ಲಿ ನೆನಪಿರುತ್ತೆ?"

"ನಿಮ್ಮನೇಲಿದ್ದ ಎತ್ತುಗಳ ಹೆಸ್ರು ಹೇಳು."

ಎರಡೂ ಎತ್ತುಗಳ ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಒಂದು ಎತ್ತಿನ ಕೊಂಬು ಮುರಿದದ್ದು ಯಾವ ಹಬ್ಬದಲ್ಲಿ ಎನ್ನುವುದೂ ಗೊತ್ತಿತ್ತು. ನಾನು ಹೇಳಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ನನ್ನ ಕಡೆ ತಿರುಗಿದಳು.

"ಸೌತ್ ಕ್ಯಾರೊಲಿನಾದೋರು ದೇಶ ಬಿಟ್ಟು ಬೇರೆ ಹೋಗುವಾಗ ಯಾಕೆ ಹೋಗ್ತಿದ್ದೀವಿ ಅಂತ ಅವ್ರೇ ಬರ್ದಿಟ್ಟಿದ್ದಾರೆ. ನಾನು ಕಾಲೇಜಲ್ಲಿ ಓದಿದ್ದೀನಿ. ಓಡಿಹೋದ ಸ್ಲೇವ್ಸ್‌ನ ವಾಪಸ್ ಕೊಡ್ಲಿಲ್ಲ ಅಂತ ಕಂಪ್ಲೇಂಟ್ ಮಾಡಿದ್ದಾರೆ. ಅಂಕಲ್ ನಿಂಗೆ ಹೇಳಿದ್ದು ಕರೆಕ್ಟ್. ಮತ್ತೆ ಇನ್ನೊಂದು ಕೇಳ್ಲಾ? ಸ್ಕೂಲ್ ಬಿಡ್ಸಿದ್ದು ಯಾರು? ತಾತ ತಾನೇ?"

ಸ್ಲೇಟು ಕಿತ್ತುಕೊಂಡ ಕೈ ಅಪ್ಪನದು. ನಲವತ್ತಾರು ವರ್ಷ ನಾನು ಆ ಕೈಯನ್ನು ಬಿಟ್ಟು, ಜೀಪಿನ ಹಿಂದೆ ಕೂತು ಹೋದವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅವನು ಹೋದದ್ದಕ್ಕೆ ನನ್ನ ಓದು ನಿಂತಿತು ಎನ್ನುವುದು ನಿಜ. ಅವನು ಇದ್ದ ತನಕ ಅವನ ಓದು ಏನಾಗಿತ್ತು ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ.

ಅಟ್ಲಾಂಟಾದ ಆಫೀಸಿನಲ್ಲಿ ಇಂಟರ್‌ವ್ಯೂ ಆಯಿತು. ಹಿಂದಿನ ದಿನವೆಲ್ಲ ಒಂದೇ ಉತ್ತರ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಗುಲಾಮಗಿರಿ ಎಂದು ದೊಡ್ಡ ದನಿಯಲ್ಲಿ ಹೇಳಬೇಕು, ಆಫೀಸರ್ ಯಾರೇ ಇರಲಿ. ಕೂತಿದ್ದ ಆಫೀಸರಮ್ಮ ಬಾವುಟದಲ್ಲಿ ಹದಿಮೂರು ಪಟ್ಟೆ ಯಾಕೆ ಎಂದು ಕೇಳಿದರು, ಉದ್ದದ ಎರಡು ನದಿಗಳಲ್ಲಿ ಒಂದು ಹೇಳಿ ಎಂದರು, ಇನ್ನೂ ನಾಲ್ಕು ಕೇಳಿದರು. ಆರೂ ಸರಿ, ಅಲ್ಲಿಗೇ ಪ್ರಶ್ನೆ ನಿಂತಿತು. "ಕಂಗ್ರಾಜುಲೇಷನ್ಸ್" ಎಂದು ಪೇಪರ್ ಮುಂದೆ ತಳ್ಳಿದರು. ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಸಂತೋಷಪಡಬೇಕಾದವನು ಪಾರ್ಕಿಂಗಿಗೆ ಬಂದು ಕಾರಿನ ಬಾಗಿಲು ತೆಗೆದು ಕೂತೆ.

ಅಲ್ಲಿಂದಲೇ ಊರಿಗೆ, ಅಣ್ಣನಿಗೆ ಫೋನ್ ಮಾಡಿದೆ.

"ಅವನ ಹೆಸ್ರಾ? ಈಗ್ಯಾಕ್ಲಾ ಅದು? ಅಮೆರಿಕಾದಲ್ಲಿ ಕೂತ್ಕಂಡು ಮಾಡಾಕೆ ಬೇರೆ ಕ್ಯಾಮೆ ಇಲ್ವಾ?" ಎಂದು ಗದರಿ, ಅಣ್ಣ ಹೆಸರು ಹೇಳಿದ. ಅವನಿಗೆ ಗೊತ್ತಿತ್ತು. ಆ ಮನುಷ್ಯ ತೀರಿಕೊಂಡು ಹತ್ತು ವರ್ಷವಾಯಿತು, ಮಗಳು ಪಕ್ಕದ ತಾಲ್ಲೂಕಿನಲ್ಲಿ ಟೀಚರು ಎಂದ. ನಂಬರ್ ಸಿಗಲು ಒಂದು ವಾರ ಬೇಕಾಯಿತು. ಫೋನ್ ಎತ್ತಿದಾಕೆಗೆ ನಾನು ಯಾರು, ಯಾವ ಮನೆಯವನು ಎಂದು ಹೇಳಿದೆ. ಕೇಳಬೇಕೆಂದುಕೊಂಡಿದ್ದ ಕ್ಷಮೆಯನ್ನೂ ತಡವರಿಸುತ್ತಾ ಕೇಳಿದೆ. ಆ ಕಡೆ ಮಕ್ಕಳ ಗಲಾಟೆ, ಬೆಲ್ಲಿನ ಸದ್ದು.

"ಅಪ್ಪ ನಿಮ್ಮ ಮನೆ ವಿಚಾರ ಯಾವತ್ತೂ ಮಾತಾಡ್ಲಿಲ್ಲ ಸಾರ್" ಎಂದರು. "ನಮ್ಮನ್ನ ಸ್ಕೂಲಿಗೆ ಮಾತ್ರ ಒಂದಿನಾನೂ ತಪ್ಪಿಸ್ತಿರಲಿಲ್ಲ. ಜ್ವರ ಬಂದ್ರೂ ಹೊತ್ಕೊಂಡ್ ಹೋಗಿ ಬಿಡೋರು. ನನಗೆ ಕ್ಲಾಸಿದೆ ಸಾರ್, ಇಡ್ಲಾ?" ಎಂದರು.

ಮುಂದಿನ ಶನಿವಾರ ನಾನು ಸೌತ್ ಕ್ಯಾರೊಲಿನಾಕ್ಕೆ ಡ್ರೈವ್ ಮಾಡಿದೆ. ಮೇಸ್ತ್ರಿ ಅಡ್ರೆಸ್ ಕೊಟ್ಟಿದ್ದರು. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು, ಕಡಲೆಬೀಜ ಜಾಸ್ತಿ ಹಾಕಿಸಿದ್ದೆ. ಅವರು ಮನೆಯ ಮುಂದಿನ ಪಡಸಾಲೆಯಲ್ಲಿ ಕೂತಿದ್ದರು. ಎದ್ದು ಕೈ ಕುಲುಕಿದರು, ಕುರ್ಚಿ ತೋರಿಸಿದರು, ಐಸ್ ಹಾಕಿದ ತಣ್ಣಗಿನ ಟೀ ತಂದರು. ಹವಾಮಾನ ಕೇಳಿದರು. ಪರೀಕ್ಷೆ ಕೇಳಿದರು. ಪಾಸಾಯಿತು ಎಂದಾಗ, "ಗುಡ್ ಫಾರ್ ಯೂ, ಸರ್" ಎಂದರು. ಆರು ವರ್ಷದಲ್ಲಿ ಅವರು ನನ್ನನ್ನು ಸರ್ ಎಂದದ್ದಿಲ್ಲ.

ನಾನು ಹೆಸರು ಹೇಳಿದೆ. ಯಾರ ಹೆಸರು ಎಂದು ಅವರು ಕೇಳಲಿಲ್ಲ.

"ಬದುಕಿದ್ದಾನಾ?"

"ಇಲ್ಲ. ಮಗಳು ಸಿಕ್ಕಿದಳು. ಅಪ್ಪ ನಿಮ್ಮ ಮನೆ ವಿಷಯ ಯಾವತ್ತೂ ಮಾತಾಡಲಿಲ್ಲ ಅಂದಳು."

"ನನ್ನ ತಾತನೂ ಮಾತಾಡಲಿಲ್ಲ, ತನ್ನ ಅಪ್ಪನ ವಿಷಯ" ಎಂದು ಅವರು ರಸ್ತೆಯ ಕಡೆ ನೋಡಿದರು. "ಮರೆತು ಅಲ್ಲ."

"ಅಂಕಲ್, ನನ್ನಿಂದ ತಪ್ಪಾಯ್ತು..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. ಸಿಟ್ಟಿನಿಂದಲ್ಲ, ಓಡುವ ಮಕ್ಕಳನ್ನು ರಸ್ತೆಯಂಚಿನಲ್ಲಿ ನಿಲ್ಲಿಸುತ್ತೇವಲ್ಲ, ಹಾಗೆ.

"ಅಂಕಲ್ ಅನ್ನೋ ಆ ಮಾತನ್ನು ನಿನಗೆ ನಾನೇ ಕೊಟ್ಟಿದ್ದೆ. ನಿನ್ನ ಬಾಯಲ್ಲಿ ಅದು ಬೇರೆ ಅಂದುಕೊಂಡಿದ್ದೆ. ಈಗ ವಾಪಸ್ ತಗೋತೀನಿ. ನನಗೊಂದು ಹೆಸರಿದೆ, ಅದರಿಂದ ಕರೆ."

ಹಿರಿಯರನ್ನು ಹೆಸರು ಹಿಡಿದು ಕರೆದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಅವರ ಹೆಸರನ್ನು ಪೂರ್ತಿಯಾಗಿ, ಮೊದಲು ಒಂದು ಮಿಸ್ಟರ್ ಸೇರಿಸಿ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ. ಅವರು ತಲೆಯಾಡಿಸಿ, "ಟೀ ಮುಗಿಸು" ಎಂದರು. ಮುಗಿಸಿದೆ. ಹೊರಟಾಗ ಮೆಟ್ಟಿಲ ತನಕ ಬಂದರು. ಡಬ್ಬಿ ಇಟ್ಟುಕೊಂಡರು. ಮತ್ತೆ ಬಾ ಎನ್ನಲಿಲ್ಲ.

ಆ ಡಬ್ಬಿಯನ್ನು ಅವರು ಪೋಸ್ಟಿನಲ್ಲಿ ವಾಪಸ್ ಕಳಿಸಿದರು, ತೊಳೆದು ಒರೆಸಿ. ಒಳಗೆ ಏನಾದರೂ ಚೀಟಿ ಇರಬಹುದೆಂದು ಮುಚ್ಚಳ ತೆಗೆದು ಎರಡು ಸಲ ನೋಡಿದೆ.

ಈಗ ದಾರದ ಆ ತುದಿಯಲ್ಲಿ ಬೇರೆಯವನಿದ್ದಾನೆ. ಕೆಲಸ ಚೆನ್ನಾಗಿ ಗೊತ್ತು. ನಡುವಿನ ಕಡೇ ಇಟ್ಟಿಗೆಯನ್ನು ಯಾರು ಮೊದಲು ಬರುತ್ತಾರೋ ಅವರೇ ಇಡುತ್ತೇವೆ, ಕೆಲಸ ಬೇಗ ಆಗುತ್ತದೆ. ಅವನು ಬಂದ ಮೊದಲ ದಿನ ನಾನು ಮಾಡಿದ ಮೊದಲ ಕೆಲಸ, ಅವನ ಹೆಸರು ಕೇಳಿದ್ದು. ಎರಡು ಸಲ ಹೇಳಿಸಿ ಕಲಿತುಕೊಂಡೆ.